ಕಿವಿ ಮಶೀನಿನ ಅಂಗಡಿಯಿಂದ ಹೋದ ಮೆಸೇಜುಗಳು

ಲೋಂಡಾದ ಹಿರಿಯರು ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಜಗಳ ಶುರು ಮಾಡಿದರು. ಕೊಡೆಯಿಂದ ನೀರು ಸೋರುತ್ತಿತ್ತು. ಕಿವಿ ಕೇಳದವರಿಗೆ ತಮ್ಮ ದನಿ ಎಷ್ಟು ದೊಡ್ಡದಾಗಿದೆ ಎಂಬುದು ತಿಳಿಯುವುದಿಲ್ಲ. ಅವರ ಮಾತು ಎದುರಿನ ಔಷಧಿ ಅಂಗಡಿಯವರಿಗೂ ಕೇಳಿ, ಅಲ್ಲಿದ್ದ ನಾಲ್ಕು ಮಂದಿ ನಮ್ಮ ಕಡೆ ತಿರುಗಿದರು.

"ಹದಿನೆಂಟು ದಿನ ಆತ್ರಿ! ಮಶೀನು ರೆಡಿ ಆತೋ ಇಲ್ಲೋ ಒಂದು ಮಾತು ತಿಳಸಬಾರದೇನ್ರಿ?"

ಮಶೀನು ರೆಡಿಯಾಗಿ ಹನ್ನೆರಡು ದಿನವಾಗಿತ್ತು. ನಾನು ಕಾಗದದ ಮೇಲೆ ಬರೆದು ತೋರಿಸಿದೆ: "ಮೆಸೇಜ್ ಕಳಿಸಿದ್ದೆ." ಅವರು ತಮ್ಮ ಫೋನು ತೆಗೆದು ನನ್ನ ಮುಂದೆ ಹಿಡಿದರು. ಬಂದಿರಲಿಲ್ಲ.

ನನ್ನದು ನೆಹರು ನಗರದಲ್ಲಿ ಆಸ್ಪತ್ರೆಯ ಬಾಜು ಓಣಿಯಲ್ಲಿರುವ ಸಣ್ಣ ಅಂಗಡಿ. ಕಿವಿ ಮಂದವಾದವರಿಗೆ ಮಶೀನು ಹೊಂದಿಸಿ ಕೊಡುತ್ತೇನೆ, ಕೆಟ್ಟದ್ದನ್ನು ರಿಪೇರಿ ಮಾಡಿಸುತ್ತೇನೆ. ರಿಪೇರಿ ಮಾಡುವವರು ಕಾಕಾ. ಅವರು ನನ್ನ ಸ್ವಂತ ಕಾಕಾ ಅಲ್ಲ. ಎಲ್ಲರೂ ಹಾಗೆ ಕರೆಯುತ್ತಾರೆಂದು ನಾನೂ ಕರೆಯುತ್ತೇನೆ. ಖಾನಾಪುರದವರು, ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ. ರವಿವಾರ ಪೇಟೆಯ ಒಂದು ಮೂಲೆಯಲ್ಲಿ ಮೂವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವರು. ಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ನನ್ನ ಹತ್ತಿರ ಬಂದರು. ದಿನಾ ಮುಂಜಾನೆ ರೈಲಿನಲ್ಲಿ ಬಂದು, ಸಂಜೆ ರೈಲಿಗೆ ಹೋಗುತ್ತಾರೆ.

ನಮ್ಮ ವ್ಯಾಪಾರದಲ್ಲಿ ಒಂದು ತೊಡಕಿದೆ. ಮಶೀನು ರಿಪೇರಿಗೆ ಬಿಟ್ಟು ಹೋದವರಿಗೆ ಫೋನು ಮಾಡಿದರೆ ಪ್ರಯೋಜನವಿಲ್ಲ. ಕೇಳಿಸುವ ಸಾಮಾನು ನನ್ನ ಅಂಗಡಿಯಲ್ಲೇ ಇರುತ್ತದಲ್ಲ. ಹಾಗಾಗಿ ಮೆಸೇಜು ಕಳಿಸುವುದನ್ನು ರೂಢಿ ಮಾಡಿಕೊಂಡೆ. ಮೊದಮೊದಲು ಒಂದೇ ಸಾಲು: "ನಿಮ್ಮ ಮಶೀನು ರೆಡಿ ಆಗೇತಿ, ಬಂದು ಒಯ್ಯಿರಿ." ನಂತರ ಆರು ತಿಂಗಳಿಗೊಮ್ಮೆ ತಪಾಸಣೆಗೆ ಬನ್ನಿ ಎಂದು ನೆನಪಿಸತೊಡಗಿದೆ. ಆಮೇಲೆ ದೀಪಾವಳಿಗೆ ರಿಯಾಯಿತಿ, ಯುಗಾದಿಗೆ ಬ್ಯಾಟರಿ ಉಚಿತ. ಎಲ್ಲರಿಗೂ ಒಂದೇ ಸಲ ಕಳಿಸುವ ಆ್ಯಪ್ ಒಂದನ್ನು ಯಾರೋ ಹಾಕಿಕೊಟ್ಟರು. ಅದು ಪ್ರತಿಯೊಬ್ಬರ ಹೆಸರನ್ನೂ ತಾನೇ ತುಂಬಿಕೊಳ್ಳುತ್ತಿತ್ತು. ಅಂಗಡಿ ಶುರುವಾದಾಗಿನಿಂದ ರಿಜಿಸ್ಟರಿನಲ್ಲಿ ಬರೆದುಕೊಂಡ ಎಲ್ಲ ನಂಬರುಗಳನ್ನೂ ಅದರಲ್ಲಿ ಹಾಕಿಬಿಟ್ಟೆ. ಇಮೇಲ್ ವಿಳಾಸ ಕೊಟ್ಟವರಿಗೆ ಇಮೇಲೂ ಹೋಗುತ್ತಿತ್ತು. ಒಂದು ಬಟನ್ ಒತ್ತಿದರೆ ನನ್ನ ಮಾತು ಬೆಳಗಾವಿಯಿಂದ ಲೋಂಡಾದ ಕಾಡಿನ ತನಕ ಹೋಗುತ್ತದೆ ಎನ್ನುವುದು ನನಗೆ ಒಂದು ಥರದ ಹೆಮ್ಮೆಯಾಗಿತ್ತು. ಯಾರನ್ನೂ ಕೇಳಿರಲಿಲ್ಲ. ಕೇಳಬೇಕು ಅಂತ ಹೊಳೆದಿರಲೂ ಇಲ್ಲ.

ಕಾಕಾ ಹಿರಿಯರ ಕಿವಿಗೆ ಮಶೀನು ಕೂಡಿಸಿದರು. ಕೇಳಲು ಶುರುವಾದ ಮೇಲೆ ಅವರ ದನಿ ತಗ್ಗಿತು, ಸಿಟ್ಟೂ ಇಳಿಯಿತು.

"ಮೊನ್ನೆ ತಮ್ಮನ ಮಗಳ ಲಗ್ನದ ಮಾತುಕತಿ ಇತ್ರಿ," ಎಂದರು. "ಹಿರ್ಯಾ ಅಂತ ನನ್ನ ನಡಬರಕ ಕುಂದರಿಸಿದ್ರು. ಏನ್ ಕೇಳಿದ್ರೋ ಗೊತ್ತಿಲ್ಲ, ನಾ ಹೂಂ ಅಂತ ಗೋಣು ಹಾಕಿದೆ. ಎಲ್ಲಾರೂ ನಕ್ರು. ನಾನೂ ನಕ್ಕೆ. ಆಮ್ಯಾಲೆ ನನ್ನ ಹೇಣ್ತಿ ಹೇಳಿದ್ಲು, ಅವ್ರು ಕೇಳಿದ್ದು ‘ಹಿರ್ಯಾರಿಗೆ ಈ ಸಂಬಂಧ ಮನಸಿಗೆ ಬಂದಿಲ್ಲೇನು’ ಅಂತ."

ಅವರು ಹೋದ ಮೇಲೆ ಫೋನು ತೆಗೆದು ನೋಡಿದೆ. ಎರಡು ವಾರದಿಂದ ಕಳಿಸಿದ ಒಂದು ಮೆಸೇಜೂ ಹೋಗಿರಲಿಲ್ಲ. ಪ್ರತಿಯೊಂದರ ಮುಂದೆ ಕೆಂಪು ಗುರುತು. ದಿನಾ ಬಟನ್ ಒತ್ತಿ ಫೋನು ಕೆಳಗಿಟ್ಟು ಬೇರೆ ಕೆಲಸ ನೋಡುತ್ತಿದ್ದೆನೇ ಹೊರತು, ಹೋಯಿತೋ ಇಲ್ಲವೋ ಎಂದು ತಿರುಗಿ ನೋಡಿರಲಿಲ್ಲ.

ಫೋನು ಕಂಪನಿಯ ಅಂಗಡಿಯಲ್ಲಿದ್ದ ಹೆಣ್ಣುಮಗಳು ನನ್ನ ನಂಬರು ಹೊಡೆದು ನೋಡಿ, "ಎರಡು ವಾರದಿಂದ ಮೆಸೇಜು ಬಂದ್ ಇತ್ರಿ. ಇವತ್ತಿಂದ ಇದರಿಂದ ಹೊರಗ ಹೋಗೂ ಕರೆನೂ ಬಂದ್ ಮಾಡ್ಯಾರ್ರಿ," ಎಂದಳು. "ಕಂಪ್ಲೇಂಟ್ ಬಂದಾವ. ಧಂದೆದ ಮೆಸೇಜು ಸಾದಾ ನಂಬರಿಂದ ಕಳಸಾಕ ಬರೂದಿಲ್ರಿ. ಸರ್ಕಾರದ ರೂಲ್ ಐತಿ. ರಜಿಸ್ಟರ್ ಮಾಡಿಸಬೇಕು."

"ಯಾರು ಕಂಪ್ಲೇಂಟ್ ಕೊಟ್ಟಾರ?"

"ಅದನ್ನ ಹೇಳಾಕ ಬರೂದಿಲ್ರಿ."

"ಎಷ್ಟು ಮಂದಿ?"

ಅವಳು ತಲೆಯಾಡಿಸಿ ನನ್ನ ಹಿಂದೆ ನಿಂತವರನ್ನು ಕರೆದಳು.

ಅಂದಿನಿಂದ ನನ್ನ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಯಾರಿರಬಹುದು? ಅಂಗಡಿಗೆ ಬಂದವರ ಮುಖ ನೋಡುವುದೇ ಒಂದು ಕೆಲಸವಾಯಿತು. ಬ್ಯಾಟರಿ ಕೊಳ್ಳಲು ಬಂದ ಬ್ಯಾಂಕಿನವರು ನಗದೇ ಹೋದರೆ ಇವರೇ ಇರಬೇಕು ಅನ್ನಿಸುತ್ತಿತ್ತು. ನಕ್ಕು ಮಾತಾಡಿಸಿದರೆ, ಕಂಪ್ಲೇಂಟ್ ಕೊಟ್ಟೂ ನಗುತ್ತಾರಲ್ಲ ಅನ್ನಿಸುತ್ತಿತ್ತು. ಹೊರಗಿನ ಕರೆಗಳಿಗೆ ಮನೆಯವರ ಫೋನು ಇಸಕೊಂಡು ಬಂದಿದ್ದೆ. ಅವರಿಗೆ ದಿನವಿಡೀ ಫೋನಿಲ್ಲದೆ ಕಿರಿಕಿರಿ, ನನಗೆ ಅವರ ಗೆಳೆಯರ ಕರೆಗಳ ಕಿರಿಕಿರಿ.

ಕೊನೆಗೆ ನನ್ನ ಸಂಶಯವೆಲ್ಲ ಒಬ್ಬರ ಮೇಲೆ ಬಂದು ಕೂತಿತು. ಮುಖ್ಯ ರಸ್ತೆಯಲ್ಲಿ ನನ್ನದೇ ವ್ಯಾಪಾರದ, ನನ್ನದಕ್ಕಿಂತ ದೊಡ್ಡ ಅಂಗಡಿಯಿದೆ. ಅದರ ಮಾಲೀಕರು ಹಿಂದೆ ಒಂದು ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡಿದವರು, ನನಗಿಂತ ಹತ್ತು ವರ್ಷ ಚಿಕ್ಕವರು. ಗಿರಾಕಿಗಳ ಮುಂದೆ ನನ್ನ ಬಾಯಿ ಮುಚ್ಚಿಸಿದರೆ ಲಾಭ ಯಾರಿಗೆ? ಹೀಗೆ ಲೆಕ್ಕ ಹಾಕುತ್ತ ಹಾಕುತ್ತ ಒಂದು ಮಧ್ಯಾಹ್ನ ಕಾಕಾನಿಗೆ ಅಂಗಡಿ ನೋಡಿಕೊಳ್ಳಲು ಹೇಳಿ ನೇರ ಅಲ್ಲಿಗೇ ನಡೆದೆ.

ಅವರು ಎದ್ದು ನಿಂತರು. "ಬರ್ರಿ ಅಕ್ಕಾರ, ಕುಂದರ್ರಿ. ಎಷ್ಟು ದಿನಕ್ಕ!"

ನಾನು ಕೂಡಲಿಲ್ಲ. "ನನ್ನ ಫೋನು ಬಂದ್ ಮಾಡಿಸಿ ನಿಮಗೇನ್ ಸಿಕ್ತು?" ಎಂದು ಕೇಳಿಯೇಬಿಟ್ಟೆ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಅವರು ಗಿರಾಕಿಗಳ ಕಡೆ ನೋಡಿ ದನಿ ತಗ್ಗಿಸಿ, "ನಿಮ್ದೂ ಬಂದ್ ಆತೇನ್ರಿ?" ಎಂದರು. "ನಂದು ಹೋಳಿ ಮುಂದ ಆಗಿತ್ತು. ಮೂರು ವಾರ ಒದ್ದಾಡೀನಿ. ನಾ ಅವಾಗ ನಿಮ್ಮ ಮ್ಯಾಲೆ ಡೌಟ್ ಮಾಡಿದ್ದೆ, ಖರೇ ಹೇಳ್ತೀನಿ."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವರು ಚಹಾ ತರಿಸಿದರು. ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿ, ರಜಿಸ್ಟರ್ ಮಾಡಿಸುವ ರೀತಿಯನ್ನು ಒಂದೊಂದಾಗಿ ತೋರಿಸಿದರು. ಅಂಗಡಿಯ ಕಾಗದಪತ್ರ ಕೊಡಬೇಕು. ಫೋನು ನಂಬರಿನ ಬದಲು ಆರು ಇಂಗ್ಲಿಷ್ ಅಕ್ಷರದ ಒಂದು ಹೆಸರು ಪಡೆಯಬೇಕು. ಮೆಸೇಜು ಆ ಹೆಸರಿನಿಂದ ಹೋಗುತ್ತದೆ. ಏನು ಕಳಿಸುತ್ತೀರೋ ಆ ವಾಕ್ಯವನ್ನು ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ಹೆಸರು, ತಾರೀಖು ಬರುವಲ್ಲಿ ಮಾತ್ರ ಖಾಲಿ ಜಾಗ ಬಿಡಬಹುದು. ರಿಯಾಯಿತಿ ಗಿಯಾಯಿತಿ ಕಳಿಸುವುದಾದರೆ ಗಿರಾಕಿಯ ಒಪ್ಪಿಗೆ ಬೇಕು. ಮೇಲ್ ಕಳಿಸಿದರೂ ‘ಬೇಡವೆಂದರೆ ಇಲ್ಲಿ ಒತ್ತಿ’ ಅಂತ ಕೆಳಗೊಂದು ಸಾಲು ಹಾಕುವುದು ಒಳ್ಳೆಯದು.

"ಒಪ್ಪಿಗಿ ಹೆಂಗ್ ತಗೊಂಡ್ರಿ ನೀವು?" ಎಂದೆ.

ಅವರು ನಕ್ಕರು. "ಎಲ್ಲಾರೂ ಒಪ್ಯಾರ ಅಂತ ಹಾಕಿಬಿಟ್ಟೆ. ಯಾರು ಕೇಳ್ತಾರ್ರಿ ಅಕ್ಕಾರ? ನೀವೂ ಹಂಗ ಹಾಕ್ರಿ."

ಹೇಳಿದಷ್ಟು ಸರಳವಾಗಿರಲಿಲ್ಲ ಅದು. ಅಂಗಡಿಗೆ ನನ್ನ ಅತ್ತೆಯ ಹೆಸರಿಟ್ಟಿದ್ದೇನೆ. ಪಾಲಿಕೆಯ ಲೈಸೆನ್ಸಿನಲ್ಲಿ ಅದನ್ನು ಇಂಗ್ಲಿಷಿನಲ್ಲಿ ಒಂದು ರೀತಿ ಬರೆದಿದ್ದರೆ ಬ್ಯಾಂಕಿನಲ್ಲಿ ಇನ್ನೊಂದು ರೀತಿ. ಒಂದೇ ಅಕ್ಷರದ ವ್ಯತ್ಯಾಸ. ಅರ್ಜಿ ವಾಪಸ್ ಬಂತು. ಲೈಸೆನ್ಸು ತಿದ್ದಿಸಲು ಹೋದರೆ ಬ್ಯಾಂಕಿನದೇ ತಪ್ಪು ಎಂದರು, ಬ್ಯಾಂಕಿನಲ್ಲಿ ಲೈಸೆನ್ಸಿನದು ಎಂದರು. ಅದು ಬಗೆಹರಿಯುವ ಹೊತ್ತಿಗೆ ಶ್ರಾವಣ ಬಂದಿತ್ತು. ಆಮೇಲೆ ವಾಕ್ಯದ ಸರದಿ. "ನಿಮ್ಮ ಮಶೀನು ರೆಡಿ ಆಗೇತಿ" ತಿರಸ್ಕಾರವಾಯಿತು: ಅಂಗಡಿಯ ಹೆಸರಿಲ್ಲ. ಹೆಸರು ಸೇರಿಸಿದೆ. ಮತ್ತೆ ತಿರಸ್ಕಾರ: ಖಾಲಿ ಜಾಗ ಹೆಚ್ಚಾಗಿದೆ. ಖಾಲಿ ಜಾಗ ಕಡಿಮೆ ಮಾಡಿದೆ. ಮೂರನೆಯ ಸಲ ಯಾಕೆ ತಿರಸ್ಕಾರವಾಯಿತು ಅಂತ ಇವತ್ತಿಗೂ ಗೊತ್ತಿಲ್ಲ. ಕಾಕಾ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದರೆ, ನಾನು ಹತ್ತು ನಿಮಿಷಕ್ಕೊಮ್ಮೆ ಆ ಪುಟವನ್ನು ತೆಗೆದು ಮುಚ್ಚಿ ಮಾಡುತ್ತಿದ್ದೆ. ಕಿವಿ ಪರೀಕ್ಷೆ ಮಾಡುವಾಗಲೂ ಮನಸ್ಸು ಅಲ್ಲೇ. ಒಬ್ಬ ಅಜ್ಜಿಗೆ ಎಡಗಿವಿಯ ಪರೀಕ್ಷೆಯನ್ನೇ ಎರಡು ಸಲ ಮಾಡಿ ಬಲಗಿವಿ ಬಿಟ್ಟಿದ್ದೆ. ಅವರೇ ಹೇಳಿದರು, "ಈ ಕಿವೀದು ಯಾವಾಗ ನೋಡ್ತೀ ಯವ್ವಾ?"

ಕೊನೆಗೂ ಒಪ್ಪಿಗೆ ಬಂತು. ಮೊದಲ ಮೆಸೇಜು ಹೋದ ದಿನ ನಾನು ಕಾಕಾನಿಗೆ ಪೇಢೆ ಕೊಟ್ಟೆ. ಆದರೆ ಮೆಸೇಜು ಹೋದವರು ಬರಲೇ ಇಲ್ಲ. ರೆಡಿಯಾದ ಡಬ್ಬಿಗಳು ಕಪಾಟಿನಲ್ಲಿ ಸಾಲಾಗಿ ಕೂತವು. ಒಂದು ವಾರದ ನಂತರ ಬ್ಯಾಟರಿಗೆಂದು ಬಂದ ಟೀಚರೊಬ್ಬರನ್ನು ಕೇಳಿದೆ. ಅವರು ಫೋನು ತೋರಿಸಿದರು. ಆರು ಅಕ್ಷರದ ನನ್ನ ಅಂಗಡಿ ಅಲ್ಲಿ ಬ್ಯಾಂಕು, ಸಾಲದ ಕಂಪನಿಗಳ ನಡುವೆ ಓದದೇ ಬಿದ್ದಿತ್ತು.

"ಇಂಥಾ ಹೆಸರಿಂದ ಬಂದಿದ್ದು ಒಟ್ಟ ತಗೀಬ್ಯಾಡ ಅಂತ ಮಗಾ ತಾಕೀತು ಮಾಡ್ಯಾನ್ರಿ," ಎಂದರು. "ರೊಕ್ಕಾ ಹೊಡೀತಾರಂತ."

ಆ ಸಂಜೆ ನಾನು ಕಾಕಾನ ಮುಂದೆ ಸರ್ಕಾರವನ್ನೂ ಕಂಪ್ಲೇಂಟು ಕೊಟ್ಟವರನ್ನೂ ಸೇರಿಸಿ ಬೈದೆ. ಗಿರಾಕಿಗಳ ಒಪ್ಪಿಗೆಯ ಕಾಲಂ ಇನ್ನೂ ತುಂಬಿರಲಿಲ್ಲ. "ಎಲ್ಲಾರೂ ಒಪ್ಯಾರ ಅಂತ ಹಾಕಿಬಿಡ್ತೀನಿ," ಎಂದೆ.

ಕಾಕಾ ಚೀಲಕ್ಕೆ ಊಟದ ಡಬ್ಬಿ ಹಾಕುತ್ತಿದ್ದರು. "ಕೇಳೂಣಲ್ರಿ ಬಾಯಾರ," ಎಂದರು. "ನಮ್ಮ ಖಾನಾಪುರದಾಗ ಗಿರಾಕಿ ಭಾಳ ಅದಾರ. ರವಿವಾರ ಬರ್ರಿ. ನಡಕೋತ ಹೋಗಿ ಕೇಳೂಣು. ಹೊಸಾ ಹೆಸರಿಂದ ಬರ್ತೈತಿ, ಅಂಜಬ್ಯಾಡ್ರಿ ಅಂತ ಹೇಳಿದಂಗೂ ಆಗ್ತೈತಿ."

ಆ ರವಿವಾರ ಮಳೆ ಬಿಡುವು ಕೊಟ್ಟಿತ್ತು. ನಾನು ಮುಂಜಾನೆಯ ಬಸ್ಸಿಗೆ ಖಾನಾಪುರಕ್ಕೆ ಹೋದೆ. ಕಾಕಾ ಸ್ಟ್ಯಾಂಡಿನಲ್ಲಿ ಕಾದಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ನನ್ನ ಕೈಯಲ್ಲಿ ಹೆಸರುಗಳ ಪಟ್ಟಿ, ಸಹಿ ಮಾಡಿಸಿಕೊಳ್ಳುವ ಕಾಗದ. ಮೊದಲ ಮನೆಯ ಯಜಮಾನರು ಕನ್ನಡದ ಕಾಗದ ತಿರುಗಿಸಿ ನೋಡಿ, "ಮೆಸೇಜ್ ಮರಾಠೀತ್ ಪಾಠವಾ," ಎಂದರು, ಮರಾಠಿಯಲ್ಲಿ ಕಳಿಸಿ ಎಂದು. ಆದರೂ ಸಹಿ ಮಾಡಿದರು. ಇನ್ನೊಂದು ಮನೆಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಹೆಂಗಸು ಕೈ ಒರೆಸಿಕೊಂಡು ಬಂದು, "ನನಗ ಓದಾಕ ಬರೂದಿಲ್ಲ. ಇಷ್ಟು ವರ್ಷ ಕಳಿಸಿದ್ದೆಲ್ಲಾ ಹಂಗ ಅದಾವ," ಎಂದು ನಕ್ಕಳು. ಒಬ್ಬರು ಒಳಗೆ ಕರೆದು ಅವಲಕ್ಕಿ ಕೊಟ್ಟರು, ಸಹಿ ಮಾಡಲಿಲ್ಲ. ಸಹಿ ಮಾಡಿಸಿಕೊಂಡು ಭೂಮಿ ಬರೆಸಿಕೊಂಡವರ ಕತೆ ಹೇಳಿದರು.

ಹೊಳೆಯ ಕಡೆಗೆ ಹೋಗುವ ಓಣಿಯಲ್ಲಿ ಒಂದು ಮನೆಯ ಬಾಗಿಲು ತೆಗೆದವರು ನಲವತ್ತರ ಆಸುಪಾಸಿನ ಹೆಣ್ಣುಮಗಳು. ನಾನು ಪಟ್ಟಿ ನೋಡಿ ಅವರ ತಾಯಿಯ ಹೆಸರು ಹೇಳಿ, "ಅದಾರೇನ್ರಿ?" ಎಂದು ಕೇಳಿದೆ.

"ಇಲ್ಲ," ಎಂದರು. "ತೀರಿಕೊಂಡು ಎರಡು ವರ್ಷ ಆತು."

ಕಾಕಾ ಚಪ್ಪಲಿ ಬಿಟ್ಟು ನಿಂತರು. ನಾನು ಏನೋ ಸಮಾಧಾನದ ಮಾತು ಹೇಳಿ, ಅಂಗಡಿಯ ಹೆಸರು ಹೇಳಿದೆ. ಅವರ ಮುಖ ಬದಲಾಯಿತು.

"ನೀವ ಏನ್ರಿ ಅವರು?" ಎಂದರು. "ನಾನ ಕಂಪ್ಲೇಂಟ್ ಕೊಟ್ಟಿದ್ದು."

ಎರಡು ತಿಂಗಳಿನಿಂದ ಈ ಗಳಿಗೆಗೆಂದು ಎಷ್ಟೋ ಮಾತು ಜೋಡಿಸಿಟ್ಟಿದ್ದೆ. ನಾನು ಅವುಗಳಲ್ಲಿ ಒಂದನ್ನು ಆಡುವಷ್ಟರಲ್ಲಿ ಅವರೇ ಒಳಗೆ ಹೋಗಿ ಒಂದು ಹಳೆಯ ಬಟನ್ ಫೋನು ತಂದರು.

"ಇದು ಅವ್ವಂದು. ನಂಬರು ಬಂದ್ ಮಾಡಿಸಾಕ ಮನಸಾಗಲಿಲ್ಲ. ಆಕೀ ಗೆಳತ್ಯಾರು ಒಮ್ಮೊಮ್ಮೆ ಫೋನ್ ಹಚ್ತಾರ, ಆಕಿ ಇಲ್ಲಂತ ಗೊತ್ತಿಲ್ದವರು. ಅದಕ್ಕ ಚಾರ್ಜ್ ಮಾಡಿ ಇಟ್ಟಿರ್ತೀನಿ." ಮೆಸೇಜು ತೆಗೆದು ನನ್ನ ಕೈಗೆ ಕೊಟ್ಟರು. "ದಿನಕರ್ಮ ಮುಗದು ಒಂದು ವಾರ ಆಗಿದ್ದಿಲ್ಲ, ಇದು ಬಂತು."

ನಾನು ಬರೆದದ್ದೇ. ಆ್ಯಪ್ ಅವರ ತಾಯಿಯ ಹೆಸರು ತುಂಬಿತ್ತು, ಮುಂದೆ ‘ಅವರೇ’ ಎಂದು ಮರ್ಯಾದೆಯಿಂದ. ನಿಮ್ಮ ಕಿವಿ ಹೇಗಿದೆ? ತಪಾಸಣೆಯ ಸಮಯ ಬಂದಿದೆ. ನಿಮ್ಮನ್ನು ಕಾಣಲು ಕಾಯುತ್ತಿದ್ದೇವೆ. ಅದರ ಕೆಳಗೆ ದೀಪಾವಳಿಯದು. ಯುಗಾದಿಯದು. ಮತ್ತೆ ತಪಾಸಣೆ.

"ನಾ ಎರಡು ಸರ್ತಿ ಬರದು ಕಳಿಸೀನಿ," ಎಂದರು. "ಅವ್ವ ಇಲ್ಲ, ಕಳಸಬ್ಯಾಡ್ರಿ ಅಂತ. ಮತ್ತ ಬಂತು. ಆಫೀಸಿನಾಗ ಒಬ್ರು ಹೇಳಿದ್ರು, ಹಿಂಗ್ ಕಂಪ್ಲೇಂಟ್ ಮಾಡಾಕ ಬರ್ತೈತಿ ಅಂತ. ಮಾಡಿದೆ."

ನಾನು ನನ್ನ ಫೋನು ತೆಗೆದು ಅಲ್ಲೇ ಕಟ್ಟೆಯ ಮೇಲೆ ಕೂತು ಹುಡುಕಿದೆ. ಇದ್ದವು. ಅವರ ಎರಡು ಉತ್ತರಗಳೂ ಇದ್ದವು, ತೆರೆಯದೆ. ಅವುಗಳ ಹಿಂದೆ ಮುಂದೆ ಇನ್ನೂ ಎಷ್ಟೋ ಉತ್ತರಗಳು. "ನಾನು ಬೇರೆ ಊರಿಗೆ ಬಂದಿದ್ದೇನೆ." "ರಾಂಗ್ ನಂಬರ್." "ಬ್ಯಾಟರಿ ಬೇಗ ಮುಗೀತೈತಿ ಏನ್ ಮಾಡ್ಲಿ." "ದಯವಿಟ್ಟು ಬೇಡ." ನಾನು ಕಳಿಸುವುದನ್ನು ಮಾತ್ರ ಕಲಿತಿದ್ದೆ. ಕಿವಿ ಕೇಳಿಸುವ ವ್ಯಾಪಾರ ಮಾಡುವವಳು, ನನಗೆ ಬಂದ ಮಾತನ್ನು ವರ್ಷಗಟ್ಟಲೆ ತೆರೆದು ನೋಡಿರಲಿಲ್ಲ.

"ತಪ್ಪಾತ್ರಿ," ಎಂದೆ. "ನಾ ನೋಡಿದ್ದಿಲ್ಲ."

"ನೋಡಿದ್ದಿಲ್ಲ ಅಂತ ನನಗೂ ಅನಿಸಿತ್ತು," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ನಿಮ್ಮ ಅಂಗಡಿ ಬಂದ್ ಆಗ್ಲಿ ಅಂತ ಮಾಡಿದ್ದಲ್ರಿ. ಮೆಸೇಜು ನಿಲ್ಲಲಿ ಅಂತ ಅಷ್ಟ."

ಅವರ ತಾಯಿಯ ಮಶೀನು ಮನೆಯಲ್ಲೇ ಇದೆ ಎಂದು ತಿಳಿಯಿತು. ಅದನ್ನು ಶುಚಿ ಮಾಡಿ ಬೇರೆ ಯಾರಿಗಾದರೂ ಹೊಂದಿಸಿ ಕೊಡುತ್ತೇನೆ ಎಂದು ಹೇಳಲು ಹೋದೆ. ಏನಾದರೂ ಮಾಡಿ ತಪ್ಪು ತೊಳೆದುಕೊಳ್ಳುವ ಅವಸರ ನನಗೆ. ಅವರು ತಡೆದರು. "ಬ್ಯಾಡ್ರಿ. ಇರಲಿ ಅದು." ಕಾಕಾ ನನ್ನ ಕಡೆ ನೋಡಿ ಸಾಕು ಎನ್ನುವಂತೆ ಕಣ್ಣು ಮಾಡಿದರು. ಆ ಹೆಣ್ಣುಮಗಳ ಎದುರಿಗೇ ತಾಯಿಯ ಹೆಸರು, ನಂಬರು ಎರಡನ್ನೂ ನನ್ನ ಫೋನಿನಿಂದ ಅಳಿಸಿದೆ. ಅವರು ಅದನ್ನು ನೋಡುತ್ತ ನಿಂತಿದ್ದರು. ನಂತರ ಚಹಾ ಕುಡಿಯುತ್ತೀರಾ ಎಂದು ಕೇಳಿದರು. ನಾವು ಕುಡಿಯಲಿಲ್ಲ.

ಉಳಿದ ಮನೆಗಳಿಗೆ ಹೋಗುವ ಶಕ್ತಿ ನನಗಿರಲಿಲ್ಲ. ಆದರೂ ಕಾಕಾ ಬಿಡಲಿಲ್ಲ. "ಪಟ್ಟಿ ಅರ್ಧಾ ಆಗೇತಿ, ಮುಗಸೂಣು ನಡೀರಿ," ಎಂದರು. ಮುಗಿಸಿದೆವು. ಇನ್ನಿಬ್ಬರು ಇಲ್ಲವಾಗಿದ್ದರು, ಒಂದು ಮನೆಗೆ ಬೀಗವಿತ್ತು.

ಬಸ್ಸಿನಲ್ಲಿ ಬೆಳಗಾವಿಗೆ ವಾಪಸಾಗುವಾಗ ಇನ್ನೊಂದು ಯೋಚನೆ ಹೊಕ್ಕಿತು. ಫೋನು ಅಂಗಡಿಯವಳು ‘ಕಂಪ್ಲೇಂಟ್ ಬಂದಾವ’ ಎಂದಿದ್ದಳು. ಒಂದಲ್ಲ. ಒಬ್ಬರು ಸಿಕ್ಕರು, ಉಳಿದವರು ಯಾರು? ಅವರ ಮನೆಯಲ್ಲಿ ನನ್ನ ಮೆಸೇಜು ಯಾವ ಹೊತ್ತಿಗೆ ಹೋಗಿ ಬಿದ್ದಿತ್ತು? ಇದನ್ನು ಕೇಳಲು ಯಾವ ಬಾಗಿಲೂ ಇರಲಿಲ್ಲ. ಬೈಯುವುದಕ್ಕೆ ಮಾತ್ರ ಈಗ ಬಾಯಿ ಬರಲಿಲ್ಲ.

ಮುಂದಿನ ನಾಲ್ಕು ದಿನ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೂತು, ಬಂದ ಉತ್ತರಗಳನ್ನೆಲ್ಲ ಓದಿದೆ. ಬೇಡವೆಂದವರನ್ನು ತೆಗೆದೆ. ಬ್ಯಾಟರಿ ಬೇಗ ಮುಗಿಯುತ್ತದೆ ಎಂದವರಿಗೆ ಒಂದೂವರೆ ವರ್ಷ ತಡವಾಗಿ ಉತ್ತರ ಬರೆದೆ. ಅವರು ಅಷ್ಟರಲ್ಲಿ ಬೇರೆ ಕಡೆ ಹೊಸ ಮಶೀನು ತೆಗೆದುಕೊಂಡಿದ್ದರು. ಪಟ್ಟಿ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಆ ದೀಪಾವಳಿಗೆ ಅಂಗಡಿಯಲ್ಲಿ ಹಿಂದಿನಂತೆ ಗದ್ದಲವಾಗಲಿಲ್ಲ, ಅದು ಖರೆ. ಮುಖ್ಯ ರಸ್ತೆಯ ಅಂಗಡಿಯವರ ಮೆಸೇಜು ಎಲ್ಲರಿಗೂ ಹೋಗಿತ್ತು, ನನಗೂ ಬಂದಿತ್ತು. ಅದನ್ನು ಎರಡು ಸಲ ಓದಿದೆ. ನಾನೂ ಎಲ್ಲರೂ ಒಪ್ಪಿದ್ದಾರೆಂದು ಟಿಕ್ ಹಾಕಿಬಿಡಬೇಕಿತ್ತೇನೋ ಎಂದು ಒಂದು ದಿನ ಅನ್ನಿಸಿದ್ದೂ ಇದೆ. ಸಣ್ಣ ಅಂಗಡಿಗೆ ಆ ಆರು ಅಕ್ಷರ, ಆ ತಿರಸ್ಕಾರಗಳು, ತಿರುಗಾಟ ಎಲ್ಲ ಭಾರವೇ. ಹಾಗೆಂದು ನನ್ನಂಥವಳನ್ನು ಯಾರಾದರೂ ತಡೆಯಬೇಕಾಗಿತ್ತು ಎಂಬುದೂ ಸುಳ್ಳಲ್ಲ. ಈ ಎರಡೂ ಒಟ್ಟಿಗೇ ಮನಸ್ಸಿನಲ್ಲಿ ಓಡಾಡುತ್ತವೆ, ಒಂದು ಇನ್ನೊಂದನ್ನು ಕೂರಲು ಬಿಡುವುದಿಲ್ಲ.

ಈಗ ಹೊಸಬರು ಬಂದರೆ ಮೊದಲೇ ಕೇಳುತ್ತೇನೆ. ಹೋದ ತಿಂಗಳು ನಿವೃತ್ತ ನರ್ಸ್ ಒಬ್ಬರು ಮಶೀನು ರಿಪೇರಿಗೆ ತಂದರು. ಮೆಸೇಜಿನ ಒಪ್ಪಿಗೆಯ ಕಾಗದ ಮುಂದಿಟ್ಟೆ. ಕನ್ನಡಕ ಏರಿಸಿ ಪೂರ್ತಿ ಓದಿ, ನನಗೇ ವಾಪಸ್ ಕೊಟ್ಟರು.

"ಬ್ಯಾಡ."

"ಮತ್ತ ರೆಡಿ ಆಗಿದ್ದು ಹೆಂಗ್ ತಿಳಸಲಿ ನಿಮಗ?" ಎಂದು ಬರೆದು ತೋರಿಸಿದೆ.

"ತಿಳಸೂದೇನ್ ಬ್ಯಾಡ. ಹತ್ತು ದಿನ ಬಿಟ್ಟು ನಾನ ಬರ್ತೀನಿ."

ಒಂಬತ್ತನೆಯ ದಿನ ಮುಂಜಾನೆ, ಕಾಕಾ ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ, ಅವರು ಬಂದು ನಿಂತರು. ಮಶೀನು ಆಗಿರಲಿಲ್ಲ. ಆಗಿಲ್ಲವೆಂದು ಕೈ ಆಡಿಸಿದೆ. ಅವರು ಸಿಟ್ಟಾಗಲಿಲ್ಲ. ಬೆಂಚಿನ ಮೇಲೆ ಕೂತು, ಪರ್ಸು ತೊಡೆಯ ಮೇಲಿಟ್ಟುಕೊಂಡು, ಕಾಕಾ ಭೂತಗನ್ನಡಿ ಹಾಕಿಕೊಳ್ಳುವುದನ್ನೇ ನೋಡುತ್ತ ಕೂತರು. ಅವರ ಮಶೀನು ಮುಗಿಯುವ ತನಕ ಕಾಕಾ ಅವತ್ತು ಬೇರೆ ಯಾರ ಕೆಲಸವನ್ನೂ ಮುಟ್ಟಲಿಲ್ಲ.